ವಿದೇಶದಲ್ಲಿ ಶಿಕ್ಷಕ ಕೆಲಸ: ಪ್ರಾಯೋಜಕತ್ವ, ವೀಸಾ ಮತ್ತು ದಾವಣಗೆರೆ-ಚಿತ್ರದುರ್ಗದಿಂದ ಹೊರಡುವವರ ಸಿದ್ಧತೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಬಿ.ಇಡಿ. ಮುಗಿಸಿ ಖಾಸಗಿ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಬೋಧಿಸುತ್ತಿರುವ ಅನೇಕರು ದುಬೈ, ಇಂಗ್ಲೆಂಡ್, ಅಮೆರಿಕಗಳ ಶಾಲೆಗಳಲ್ಲಿ ಕೆಲಸ ಹುಡುಕುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ‘ವೀಸಾಕ್ಕೆ ಎಷ್ಟು ಖರ್ಚಾಗುತ್ತದೆ’ ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನನ್ನ ಪ್ರಾಯೋಜಕರು ಯಾರು, ಅವರು ನನ್ನನ್ನು ಪ್ರಾಯೋಜಿಸಿದ್ದಾರೆ ಎಂಬುದನ್ನು ತೋರಿಸುವ ದಾಖಲೆ ಯಾವುದು, ಆ ದಾಖಲೆಯ ಖರ್ಚನ್ನು ಕಾನೂನಿನ ಪ್ರಕಾರ ಯಾರು ಭರಿಸಬೇಕು? ಈ ಮೂರಕ್ಕೆ ಉತ್ತರ ಸಿಗುವವರೆಗೆ ಯಾರಿಗೂ ಹಣ ಕೊಡಬಾರದು, ಇರುವ ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಬಾರದು. ಮುಂದೆ ಬರೆದಿರುವುದೆಲ್ಲ ಈ ಉತ್ತರಗಳನ್ನು ಕಂಡುಕೊಳ್ಳುವ ದಾರಿಗೆ ಸಂಬಂಧಿಸಿದ್ದು.

ವಿದೇಶದ ತರಗತಿಯಲ್ಲಿ ಪಾಠ ಮಾಡಲು ಮೂರು ಬೇರೆ ಬೇರೆ ಅನುಮತಿಗಳು ಬೇಕಾಗುತ್ತವೆ. ಮೊದಲನೆಯದು, ಆ ದೇಶದ ಶಿಕ್ಷಣ ಇಲಾಖೆ ಅಥವಾ ಮಂಡಳಿ ನಿಮ್ಮನ್ನು ಶಿಕ್ಷಕರೆಂದು ಒಪ್ಪುವುದು. ಎರಡನೆಯದು, ನಿಮ್ಮನ್ನು ನೇಮಿಸಿಕೊಳ್ಳುವ ಶಾಲೆಗೆ ವಿದೇಶಿಯರನ್ನು ಕರೆಸಿಕೊಳ್ಳುವ ಅಧಿಕಾರ ಇರುವುದು. ಮೂರನೆಯದು ವೀಸಾ. ನೇಮಕಾತಿ ಪತ್ರ, ಅಂದರೆ ಆಫರ್ ಲೆಟರ್, ಈ ಮೂರರಲ್ಲಿ ಯಾವುದೂ ಅಲ್ಲ. ಅದು ಶಾಲೆಯ ಇಚ್ಛೆಯನ್ನಷ್ಟೇ ತಿಳಿಸುತ್ತದೆ. ಮುದ್ರೆ ಹಾಕಿದ ಆಫರ್ ಲೆಟರ್ ತೋರಿಸಿ ‘ವೀಸಾ ಆಗಿಯೇ ಹೋಯಿತು’ ಎಂದು ಹಣ ಕೇಳುವವರು ಈ ವ್ಯತ್ಯಾಸ ನಿಮಗೆ ತಿಳಿದಿಲ್ಲ ಎಂದು ನಂಬಿಕೊಂಡೇ ಬರುತ್ತಾರೆ.

ಊರಿನಲ್ಲಿಯೇ ಸರಿಪಡಿಸಿಕೊಳ್ಳಬೇಕಾದ ಕಡತ

ಹೆಚ್ಚಿನ ಅರ್ಜಿಗಳು ತಡವಾಗುವುದು ನಮ್ಮದೇ ದಾಖಲೆಗಳಿಂದ. ಜಗಳೂರು ಕಡೆಯ ಒಬ್ಬ ಗಣಿತ ಶಿಕ್ಷಕಿಯ ಕಡತವನ್ನು ಹತ್ತಿರದಿಂದ ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವರ ಹೆಸರಿಗೆ ಎರಡು ಇನಿಷಿಯಲ್‌ಗಳಿದ್ದವು. ಘಟಿಕೋತ್ಸವ ಪ್ರಮಾಣಪತ್ರದಲ್ಲಿ ಒಂದೇ ಇತ್ತು. ಪಾಸ್‌ಪೋರ್ಟ್‌ನಲ್ಲಿ ಅವು ಊರಿನ ಹೆಸರಾಗಿ, ತಂದೆಯ ಹೆಸರಾಗಿ ಬಿಡಿಸಿಕೊಂಡಿದ್ದವು. ಆಧಾರ್‌ನಲ್ಲಿ ಮದುವೆಯ ನಂತರ ಸೇರಿಸಿದ ಗಂಡನ ಹೆಸರಿತ್ತು. ನಮಗೆ ಇದು ದಿನನಿತ್ಯದ ಸಂಗತಿ. ವಿದೇಶದ ಅಧಿಕಾರಿಗೆ ಮಾತ್ರ ಇವು ನಾಲ್ಕು ಬೇರೆ ಬೇರೆ ವ್ಯಕ್ತಿಗಳ ದಾಖಲೆಗಳಾಗಿ ಕಾಣುತ್ತವೆ. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಎಸ್ಸೆಸ್ಸೆಲ್ಸಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು, ಇನಿಷಿಯಲ್‌ಗಳನ್ನು ವಿಸ್ತರಿಸಿ, ಕುಲನಾಮದ ಅಂಕಣವನ್ನು ಖಾಲಿ ಬಿಡದೆ ಅರ್ಜಿ ಹಾಕುವುದು ಒಳ್ಳೆಯದು. ಪಾಸ್‌ಪೋರ್ಟ್ ಈಗಾಗಲೇ ಇದ್ದರೆ, ಎಲ್ಲ ಹೆಸರುಗಳೂ ಒಬ್ಬರವೇ ಎಂಬ ಪ್ರಮಾಣಿತ ಅಫಿಡವಿಟ್ ಮಾಡಿಸಿ, ಮುಂದೆ ಬರುವ ಪ್ರತಿಯೊಂದು ಪತ್ರದಲ್ಲಿಯೂ, ಅನುಭವ ಪತ್ರವೂ ಸೇರಿದಂತೆ, ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ ಬರೆಸಿಕೊಳ್ಳಬೇಕು. ದಾವಣಗೆರೆಯ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಈ ಕೆಲಸಕ್ಕೆ ಬೆಂಗಳೂರಿಗೆ ಓಡಾಡಬೇಕಾಗಿಲ್ಲ.

ಹುಟ್ಟಿದ ಜಿಲ್ಲೆಯ ವಿಷಯದಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ತೊಡಕಿದೆ. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕಿಂತ ಮೊದಲು ದಾವಣಗೆರೆ, ಹರಿಹರ, ಜಗಳೂರುಗಳು ಚಿತ್ರದುರ್ಗ ಜಿಲ್ಲೆಯಲ್ಲಿ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿ ಇದ್ದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಾಗಿ 1997ಕ್ಕೂ ಮೊದಲು ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಒಂದು ಜಿಲ್ಲೆ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಜಿಲ್ಲೆ ಇರುವುದು ಸಹಜ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವುದನ್ನೇ ಬರೆದು, ಜಿಲ್ಲಾ ಪುನರ್ವಿಂಗಡಣೆಯ ವಿವರವನ್ನು ಎರಡು ಸಾಲಿನಲ್ಲಿ ತಿಳಿಸುವ ಪತ್ರವೊಂದನ್ನು ಜೊತೆಗಿಟ್ಟರೆ ಪ್ರಶ್ನೆ ಏಳುವ ಮೊದಲೇ ಉತ್ತರ ಕೊಟ್ಟಂತಾಗುತ್ತದೆ.

ವಿಶ್ವವಿದ್ಯಾಲಯದ ವಿಷಯವೂ ಹೀಗೆಯೇ. ದಾವಣಗೆರೆ ವಿಶ್ವವಿದ್ಯಾಲಯ ಆರಂಭವಾದದ್ದು 2009ರಲ್ಲಿ. ಅದಕ್ಕಿಂತ ಮೊದಲು ಎರಡೂ ಜಿಲ್ಲೆಗಳ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ಕಾಲದಲ್ಲಿ ಪದವಿ ಪಡೆದವರು ಅಧಿಕೃತ ಅಂಕವಿವರ ಪತ್ರಕ್ಕಾಗಿ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗಾಗಿ, ತೋಳಹುಣಸೆಗೆ ಬದಲು ಶಂಕರಘಟ್ಟಕ್ಕೆ ಅರ್ಜಿ ಹಾಕಬೇಕು. ಬಿ.ಎಸ್ಸಿ. ಒಂದು ವಿಶ್ವವಿದ್ಯಾಲಯದ್ದು, ಬಿ.ಇಡಿ. ಇನ್ನೊಂದರದ್ದು ಆಗಿದ್ದರೆ ಎರಡೂ ಕಡೆಯಿಂದ ಮೊಹರು ಮಾಡಿದ ಲಕೋಟೆಯಲ್ಲಿ ತರಿಸಬೇಕಾಗುತ್ತದೆ, ಅದಕ್ಕೆ ವಾರಗಳು ಹಿಡಿಯುತ್ತವೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದವರು ತಾವು ದಾಖಲಾದ ವರ್ಷವನ್ನು ಎಚ್ಚರಿಕೆಯಿಂದ ನೋಡಿಕೊಳ್ಳಬೇಕು. 2013-14ರಿಂದ ಕೆಲವು ವರ್ಷ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ದೊರೆಯಿತು. ಆ ಮಧ್ಯದ ವರ್ಷಗಳ ಪದವಿಯನ್ನು ವಿದೇಶದ ಮೌಲ್ಯಮಾಪನ ಸಂಸ್ಥೆಗಳು ಒಪ್ಪುವುದು ಕಷ್ಟ. ದೂರಶಿಕ್ಷಣದ ಪದವಿಗೆ ಕೊಲ್ಲಿ ರಾಷ್ಟ್ರಗಳಲ್ಲಿ ಸಾಮಾನ್ಯವಾಗಿಯೇ ಅಡ್ಡಿ ಇರುವುದರಿಂದ, ನಿಯತ ಪದವಿ ಇದ್ದರೆ ಅದನ್ನೇ ಮುಂದಿಡಬೇಕು.

ಇನ್ನು ಅನುಭವ ಪತ್ರ. ನಮ್ಮ ಅನೇಕ ಖಾಸಗಿ ಶಾಲೆಗಳು ‘ಇವರು ನಮ್ಮ ಶಾಲೆಯಲ್ಲಿ ಸಹಶಿಕ್ಷಕರಾಗಿ ಸೇವೆ ಸಲ್ಲಿಸಿರುತ್ತಾರೆ, ಇವರ ನಡತೆ ಉತ್ತಮವಾಗಿರುತ್ತದೆ’ ಎಂಬ ಎರಡು ಸಾಲಿನಲ್ಲಿ ಮುಗಿಸುತ್ತವೆ. ಅಷ್ಟು ಸಾಲದು. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಪೂರ್ಣಕಾಲಿಕವೇ ಅಲ್ಲವೇ, ವಾರಕ್ಕೆ ಎಷ್ಟು ಅವಧಿ, ಯಾವ ವಿಷಯ, ಯಾವ ತರಗತಿ, ಬೋಧನಾ ಮಾಧ್ಯಮ ಯಾವುದು, ಶಾಲೆಯ ಡೈಸ್ ಸಂಖ್ಯೆ, ಸಹಿ ಮಾಡಿದವರ ಹೆಸರು, ಹುದ್ದೆ ಮತ್ತು ಶಾಲೆಯ ಇಮೇಲ್ ಇಷ್ಟೂ ಇರಬೇಕು. ಬಿಇಒ ಕಚೇರಿಯ ಮೇಲುಸಹಿ ಸಿಗುವುದಾದರೆ ಹಾಕಿಸಿಕೊಳ್ಳಿ. ಸಂಬಳ ಕೈಗೆ ನಗದಾಗಿ ಬರುತ್ತಿದ್ದರೆ, ಹೊರಡುವ ಯೋಚನೆ ಬಂದ ತಿಂಗಳಿನಿಂದಲೇ ಬ್ಯಾಂಕ್ ಖಾತೆಗೆ ಹಾಕಲು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುವುದು ಅಗತ್ಯ. ಎರಡು ವರ್ಷ ಪಾಠ ಮಾಡಿದ್ದಕ್ಕೆ ಖಾತೆಯಲ್ಲಿ ಒಂದು ರೂಪಾಯಿಯ ಕುರುಹೂ ಇಲ್ಲದಿದ್ದರೆ ಆ ಎರಡು ವರ್ಷಗಳನ್ನು ಸಾಬೀತುಪಡಿಸುವುದು ಬಹಳ ಕಷ್ಟವಾಗುತ್ತದೆ.

ಬಿ.ಇಡಿ. ಕಾಲೇಜಿನಿಂದಲೂ ಒಂದು ಪತ್ರ ಪಡೆದಿಟ್ಟುಕೊಳ್ಳಿ: ನಿಮ್ಮ ಬೋಧನಾ ಅಭ್ಯಾಸ ಎಷ್ಟು ದಿನ ನಡೆಯಿತು, ಯಾವ ಶಾಲೆಯಲ್ಲಿ, ಯಾವ ವಯಸ್ಸಿನ ಮಕ್ಕಳಿಗೆ ಎಂಬುದು ಅದರಲ್ಲಿ ಇರಬೇಕು. 2015ಕ್ಕೂ ಮೊದಲು ಬಿ.ಇಡಿ. ಒಂದು ವರ್ಷದ್ದಾಗಿತ್ತು, ಆಮೇಲೆ ಎರಡು ವರ್ಷವಾಯಿತು. ಹಳೆಯ ಬಿ.ಇಡಿ.ಯವರಿಗೆ ಈ ಪತ್ರದ ಅಗತ್ಯ ಇನ್ನೂ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಬಿ.ಇಡಿ. ಮಾಡಿದವರು ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅದು ಅನರ್ಹತೆಯಲ್ಲ, ಇಂಗ್ಲಿಷ್ ಪರೀಕ್ಷೆ ಬರೆದು ತೋರಿಸಬೇಕಾಗುತ್ತದೆ, ಅಷ್ಟೇ.

ದೃಢೀಕರಣ: ಯಾವ ದೇಶಕ್ಕೆ ಯಾವ ಮುದ್ರೆ

ಭಾರತವು 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ; ಅಪೊಸ್ಟಿಲ್ ಎಂದರೆ ಒಪ್ಪಂದದಲ್ಲಿರುವ ದೇಶಗಳು ಒಪ್ಪುವ ದೃಢೀಕರಣ ಮುದ್ರೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ, ಒಮಾನ್, ಬಹರೇನ್, 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯಾ, ಇವುಗಳಿಗೆ ದೃಢೀಕೃತ ದಾಖಲೆ ಬೇಕಾದರೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸಾಕು. ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್ ಮತ್ತು ಕುವೈತ್‌ಗೆ ಮೂರು ಮೆಟ್ಟಿಲುಗಳಿವೆ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ, ಕೊನೆಗೆ ಆ ದೇಶದ ರಾಯಭಾರ ಕಚೇರಿ. ಸಚಿವಾಲಯವು ಜನರಿಂದ ನೇರವಾಗಿ ದಾಖಲೆ ಸ್ವೀಕರಿಸುವುದಿಲ್ಲ, ನಿಯೋಜಿತ ಏಜೆನ್ಸಿಗಳ ಮೂಲಕವೇ ಹೋಗಬೇಕು. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಉಳಿದದ್ದು ಏಜೆನ್ಸಿಯ ಸೇವಾಶುಲ್ಕ. ಮಧ್ಯವರ್ತಿಯೊಬ್ಬರು ಸಾವಿರಾರು ರೂಪಾಯಿ ಹೇಳಿದರೆ ಅದರಲ್ಲಿ ಸರ್ಕಾರಕ್ಕೆ ಹೋಗುವುದೆಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡಲು ಕೇಳಿ. ಮೂಲ ಘಟಿಕೋತ್ಸವ ಪ್ರಮಾಣಪತ್ರವನ್ನು ಕೊಡುವಾಗ ರಸೀದಿ ಇಲ್ಲದೆ ಕೊಡಬೇಡಿ.

ಪೊಲೀಸ್ ನಿರಪೇಕ್ಷಣಾ ಪತ್ರವನ್ನು, ಪಿಸಿಸಿ ಎಂದು ಎಲ್ಲರೂ ಕರೆಯುವುದನ್ನು, ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕ ಪಡೆಯಬೇಕು. ಸ್ಥಳೀಯ ಠಾಣೆ ಅಥವಾ ಎಸ್‌ಪಿ ಕಚೇರಿ ಕೊಡುವ ನಡತೆ ಪತ್ರ ಸ್ಥಳೀಯ ಕೆಲಸಗಳಿಗೆ ಸರಿ, ವೀಸಾಕ್ಕೆ ಅದನ್ನು ನೆಚ್ಚಿಕೊಳ್ಳಬಾರದು.

ಇಂಗ್ಲೆಂಡ್

ಬ್ರಿಟನ್ನಿನಲ್ಲಿ ಶಿಕ್ಷಕರಿಗೆ ಇರುವ ಮುಖ್ಯ ದಾರಿ ಸ್ಕಿಲ್ಡ್ ವರ್ಕರ್ ವೀಸಾ. ನಿಮ್ಮನ್ನು ನೇಮಿಸಿಕೊಳ್ಳುವ ಸಂಸ್ಥೆಗೆ ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್ ಕೊಟ್ಟ ಪ್ರಾಯೋಜಕ ಪರವಾನಗಿ ಇರಬೇಕು. ಪರವಾನಗಿ ಇರುವ ಎಲ್ಲ ಸಂಸ್ಥೆಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿನ ಅನೇಕ ಶಾಲೆಗಳು ಅಕಾಡೆಮಿ ಟ್ರಸ್ಟ್‌ಗಳ ಅಥವಾ ಸ್ಥಳೀಯ ಆಡಳಿತದ ಅಡಿಯಲ್ಲಿ ನಡೆಯುವುದರಿಂದ ಪರವಾನಗಿಯು ಶಾಲೆಯ ಹೆಸರಿನಲ್ಲಿ ಇರದೆ ಆ ಟ್ರಸ್ಟ್ ಅಥವಾ ಆಡಳಿತದ ಹೆಸರಿನಲ್ಲಿ ಇರಬಹುದು. ಆದ್ದರಿಂದ ಶಾಲೆಯ ಹೆಸರು ಪಟ್ಟಿಯಲ್ಲಿ ಸಿಗಲಿಲ್ಲವೆಂದು ಒಳ್ಳೆಯ ಅವಕಾಶವನ್ನು ಕೈಬಿಡಬಾರದು. ಹಾಗೆಯೇ ಯಾವುದೋ ಟ್ರಸ್ಟ್‌ನ ಹೆಸರು ಪಟ್ಟಿಯಲ್ಲಿದೆ ಎಂದು ಮಧ್ಯವರ್ತಿ ತೋರಿಸಿದ ಮಾತ್ರಕ್ಕೆ ಆ ಟ್ರಸ್ಟ್ ನಿಮ್ಮನ್ನೇ ನೇಮಿಸಿಕೊಂಡಿದೆ ಎಂದೂ ಅಲ್ಲ. ಶಾಲೆಯ ಜಾಲತಾಣದಲ್ಲಿರುವ ಇಮೇಲ್‌ಗೆ ನೀವೇ ಬರೆದು, ‘ನಮ್ಮ ಪ್ರಾಯೋಜಕರು ಯಾವ ಹೆಸರಿನಲ್ಲಿ ನೋಂದಾಯಿತರಾಗಿದ್ದಾರೆ’ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು.

ಪ್ರಾಯೋಜಕತ್ವದ ಪುರಾವೆಯನ್ನು ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್, ಚಿಕ್ಕದಾಗಿ ಸಿಒಎಸ್, ಎನ್ನುತ್ತಾರೆ. ಹೆಸರಿನಲ್ಲಿ ಸರ್ಟಿಫಿಕೇಟ್ ಎಂದಿದ್ದರೂ ಅದು ಗೋಡೆಗೆ ತೂಗುಹಾಕುವ ಕಾಗದವಲ್ಲ. ಹೋಮ್ ಆಫೀಸ್‌ನ ಗಣಕ ವ್ಯವಸ್ಥೆಯಲ್ಲಿ ಉದ್ಯೋಗದಾತರು ತುಂಬುವ ವಿದ್ಯುನ್ಮಾನ ದಾಖಲೆ ಅದು. ನಿಮಗೆ ಬರುವುದು ಅದರ ಉಲ್ಲೇಖ ಸಂಖ್ಯೆ ಮತ್ತು ವಿವರಗಳು. ಹುದ್ದೆ, ಹುದ್ದೆಯ ಸಂಕೇತ, ವಾರ್ಷಿಕ ವೇತನ, ವಾರದ ಗಂಟೆಗಳು, ಕೆಲಸದ ವಿಳಾಸ ಇವು ಅದರಲ್ಲಿ ಇರುತ್ತವೆ. ಆ ವಿವರಗಳ ಪ್ರತಿಯನ್ನು ಕೇಳಿ ಪಡೆದು, ಒಪ್ಪಂದ ಪತ್ರದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿ. ಸಂಖ್ಯೆ ಬಂದ ಮೂರು ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಬಣ್ಣದ ಮುದ್ರೆ, ಕಿರೀಟದ ಚಿಹ್ನೆ, ಅಧಿಕಾರಿಯ ಸಹಿ ಎಲ್ಲ ಇದ್ದು ಉಲ್ಲೇಖ ಸಂಖ್ಯೆಯೇ ಇಲ್ಲದ ‘ಸರ್ಟಿಫಿಕೇಟ್’ ಯಾರಾದರೂ ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಒಂದೊಂದು ದಿನ ಒಂದೊಂದು ಶಾಲೆಗೆ ಕಳುಹಿಸುವ ಸಪ್ಲೈ ಏಜೆನ್ಸಿಗಳು ಅಂಥ ಕೆಲಸಕ್ಕೆ ವೀಸಾ ಪ್ರಾಯೋಜಿಸಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ವೇತನದ ನಿಯಮ 2025ರ ಜುಲೈ 22ರಿಂದ ಬಿಗಿಯಾಗಿದೆ. ಸಾಮಾನ್ಯ ಹುದ್ದೆಗಳಿಗೆ ವರ್ಷಕ್ಕೆ 41,700 ಪೌಂಡ್‌ನ ಮಿತಿ ಇದೆ. ರಾಷ್ಟ್ರೀಯ ವೇತನಶ್ರೇಣಿಗೆ ಒಳಪಟ್ಟ ಶಿಕ್ಷಕ ಹುದ್ದೆಗಳಿಗೆ ಆ ಶ್ರೇಣಿಯ ದರ ಅಥವಾ 25,000 ಪೌಂಡ್, ಎರಡರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ. ಅರ್ಹತೆ ಪಡೆದ ಶಿಕ್ಷಕರ ವೇತನ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ, ಅರ್ಹತೆ ಪಡೆಯದವರ ಶ್ರೇಣಿಯ ಕೆಳಗಿನ ಹಂತಗಳು ದಾಟುವುದಿಲ್ಲ. ಈ ಕಾರಣದಿಂದ ಕ್ಯೂಟಿಎಸ್ ಎಂಬ ಶಿಕ್ಷಕ ಮಾನ್ಯತೆಯನ್ನು ಮೊದಲೇ ಪಡೆದವರಿಗೆ ಕೆಲಸ ಸಿಗುವುದು ಸುಲಭ. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಶಿಕ್ಷಕರೂ ಇದಕ್ಕೆ ನೇರವಾಗಿ ಅರ್ಜಿ ಹಾಕಬಹುದು, ಶುಲ್ಕವೇ ಇಲ್ಲ. ಆದರೆ ಭಾರತದವರಿಗೆ ಈ ದಾರಿ ತೆರೆದಿರುವುದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು ಬೋಧಿಸುವ ಅರ್ಹತೆ ಇರುವವರಿಗೆ ಮಾತ್ರ. ಕನಿಷ್ಠ ಒಂದು ವರ್ಷದ ಬೋಧನಾ ಅನುಭವವೂ ಬೇಕು. ಡಿ.ಇಡಿ. ಮಾಡಿ ಕಿರಿಯ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳುವವರಿಗೆ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಇದು ಅನ್ವಯಿಸುವುದಿಲ್ಲ. ಉಚಿತವಾಗಿ ಸಿಗುವ ಈ ಮಾನ್ಯತೆಯನ್ನು ‘ಮಾಡಿಸಿಕೊಡುತ್ತೇವೆ’ ಎಂದು ಹಣ ಪಡೆಯುವವರಿದ್ದಾರೆ. ಅದರ ಅರ್ಜಿಯನ್ನು ಬಿ.ಇಡಿ. ಮುಗಿಸಿದ ಯಾರೇ ಆದರೂ ಸ್ವತಃ ತುಂಬಬಲ್ಲರು. ಕ್ಯೂಟಿಎಸ್ ಇಂಗ್ಲೆಂಡಿಗೆ ಸಂಬಂಧಿಸಿದ್ದು, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅವುಗಳದೇ ನೋಂದಣಿ ವ್ಯವಸ್ಥೆ ಇದೆ.

ಇಂಗ್ಲಿಷ್ ಪರೀಕ್ಷೆಯ ಮಟ್ಟವನ್ನು 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಬಿ2ಕ್ಕೆ, ಅಂದರೆ ಯುರೋಪಿನ ಭಾಷಾ ಮಾನದಂಡದ ಮೇಲ್ಮಧ್ಯಮ ಹಂತಕ್ಕೆ, ಏರಿಸಲಾಗಿದೆ. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ವಿದೇಶಿ ಪದವಿಗಳ ಮೌಲ್ಯಮಾಪನ ಮಾಡುವ ಎಕ್ಟಿಸ್ ಸಂಸ್ಥೆಯ ದೃಢೀಕರಣದ ಮೂಲಕ ಪರೀಕ್ಷೆಯಿಂದ ವಿನಾಯಿತಿ ಪಡೆಯಬಹುದು. ಪರೀಕ್ಷೆ ಬರೆಯುವವರು ಐಇಎಲ್‌ಟಿಎಸ್ ಆರಿಸಿಕೊಂಡರೆ ಅದು ‘ಯುಕೆವಿಐ’ಗೆಂದು, ಅಂದರೆ ಬ್ರಿಟನ್ನಿನ ವೀಸಾ ವಿಭಾಗಕ್ಕೆಂದು, ನಿಗದಿಯಾದ ಪರೀಕ್ಷೆಯೇ ಆಗಿರಬೇಕು; ಸಾಮಾನ್ಯ ಐಇಎಲ್‌ಟಿಎಸ್‌ನ ಅಂಕಪಟ್ಟಿಯಲ್ಲಿ ಎಷ್ಟೇ ಒಳ್ಳೆಯ ಅಂಕವಿದ್ದರೂ ಈ ವೀಸಾಕ್ಕೆ ನಡೆಯುವುದಿಲ್ಲ. ಕ್ಷಯರೋಗ ಪರೀಕ್ಷೆಯೂ ಹೋಮ್ ಆಫೀಸ್ ಒಪ್ಪಿದ ಕ್ಲಿನಿಕ್‌ನಲ್ಲಿಯೇ ಆಗಬೇಕು. ದಾವಣಗೆರೆಯಲ್ಲಿ ಎಷ್ಟು ದೊಡ್ಡ ವೈದ್ಯಕೀಯ ಕಾಲೇಜುಗಳಿದ್ದರೂ ಅಲ್ಲಿನ ಎಕ್ಸ್‌ರೇ ವರದಿ ಇದಕ್ಕೆ ಬರುವುದಿಲ್ಲ, ಬೆಂಗಳೂರಿಗೆ ಹೋಗಬೇಕಾಗುತ್ತದೆ. ಶಿಕ್ಷಕ ಹುದ್ದೆಯಾದ್ದರಿಂದ ಪಿಸಿಸಿ ಕಡ್ಡಾಯ.

ಖರ್ಚಿನಲ್ಲಿ ಯಾರ ಪಾಲು ಯಾವುದು? ಪ್ರಾಯೋಜಕ ಪರವಾನಗಿಯ ಶುಲ್ಕ, ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ನ ಶುಲ್ಕ, ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಎಂಬ ತೆರಿಗೆ, ಈ ಮೂರನ್ನೂ ಉದ್ಯೋಗದಾತರೇ ಕಟ್ಟಬೇಕು ಮತ್ತು ಅವನ್ನು ಶಿಕ್ಷಕರ ಮೇಲೆ ಹೊರಿಸುವುದು ನಿಯಮಬಾಹಿರ. ‘ಸಿಒಎಸ್‌ಗೆ ಇಷ್ಟು ಲಕ್ಷ’ ಎಂದು ಕೇಳುವ ಮಾತೇ ಮೋಸದ ಗುರುತು. ನಿಮ್ಮ ಪಾಲಿಗೆ ಬರುವುದು ವೀಸಾ ಶುಲ್ಕ ಮತ್ತು ಆರೋಗ್ಯ ಸರ್‌ಚಾರ್ಜ್. 2025ರ ಏಪ್ರಿಲ್‌ನ ದರದಂತೆ ಮೂರು ವರ್ಷದ ವೀಸಾಕ್ಕೆ 769 ಪೌಂಡ್. ಸರ್‌ಚಾರ್ಜ್ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮೂರೂ ವರ್ಷದ್ದನ್ನು ಅರ್ಜಿಯೊಂದಿಗೇ ಕಟ್ಟಬೇಕು. ಒಬ್ಬರಿಗೆ ಒಟ್ಟು 3,874 ಪೌಂಡ್, ಅಂದರೆ ನಾಲ್ಕು ಲಕ್ಷ ರೂಪಾಯಿಗಿಂತ ಹೆಚ್ಚು. ಗಂಡ ಅಥವಾ ಹೆಂಡತಿಗೂ ಅಷ್ಟೇ; ಮಕ್ಕಳಿಗೆ ಸರ್‌ಚಾರ್ಜ್ ಸ್ವಲ್ಪ ಕಡಿಮೆ, ವೀಸಾ ಶುಲ್ಕ ಅಷ್ಟೇ. ಇದಲ್ಲದೆ 1,270 ಪೌಂಡ್ ನಿಮ್ಮ ಖಾತೆಯಲ್ಲಿ 28 ದಿನ ಕದಲದೆ ಇರಬೇಕು, ಅಥವಾ ಆ ಹೊಣೆಯನ್ನು ಶಾಲೆ ಸರ್ಟಿಫಿಕೇಟಿನಲ್ಲಿಯೇ ವಹಿಸಿಕೊಳ್ಳಬೇಕು. ಕೆಲವು ಶಾಲೆಗಳು ಕೇಳಿದರೆ ವಹಿಸಿಕೊಳ್ಳುತ್ತವೆ, ಆದ್ದರಿಂದ ಕೇಳಲು ಸಂಕೋಚಪಡಬಾರದು.

ದುಬೈ, ಅಬುಧಾಬಿ ಮತ್ತು ಕೊಲ್ಲಿಯ ಉಳಿದ ಕಡೆ

ಎಮಿರೇಟ್ಸ್‌ನಲ್ಲಿ ಕಾರ್ಮಿಕ ಸಂಬಂಧಗಳನ್ನು ನಿಯಂತ್ರಿಸುವುದು 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ 2021ರ 33ನೇ ಸಂಖ್ಯೆಯ ಕಾಯಿದೆ. ನೇಮಕಾತಿಯ ವೆಚ್ಚವನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನೌಕರರಿಂದ ವಸೂಲು ಮಾಡುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಪಾಸ್‌ಪೋರ್ಟ್‌ ಅನ್ನು ಉದ್ಯೋಗದಾತರು ಇಟ್ಟುಕೊಳ್ಳುವುದಕ್ಕೂ ಅವಕಾಶವಿಲ್ಲ. ಪರೀಕ್ಷಾರ್ಥ ಅವಧಿ ಆರು ತಿಂಗಳನ್ನು ಮೀರಬಾರದು.

ಕ್ರಮ ಹೀಗಿರುತ್ತದೆ. ಶಾಲೆ ಮೊದಲು ಮಾನವ ಸಂಪನ್ಮೂಲ ಸಚಿವಾಲಯದ ನಮೂನೆಯಲ್ಲಿ ನೇಮಕಾತಿ ಪತ್ರ ಕಳುಹಿಸುತ್ತದೆ, ನೀವು ಸಹಿ ಮಾಡುತ್ತೀರಿ. ನಂತರ ಕೆಲಸದ ಪರವಾನಗಿ ಮತ್ತು ಉದ್ಯೋಗದ ಪ್ರವೇಶ ಅನುಮತಿ ಬರುತ್ತವೆ. ಅಲ್ಲಿಗೆ ಹೋದ ಮೇಲೆ ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಐಡಿ, ನಿವಾಸ ವೀಸಾ ಆಗುತ್ತವೆ. ಇದರ ಜೊತೆಗೆ ಶಿಕ್ಷಕರಿಗೆ ಶಿಕ್ಷಣ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ದುಬೈನಲ್ಲಿ ಅದು ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್. ‘ಸದ್ಯ ವಿಸಿಟ್ ವೀಸಾದಲ್ಲಿ ಬನ್ನಿ, ಶಾಲೆಗೆ ಸೇರಿದ ಮೇಲೆ ಬದಲಾಯಿಸೋಣ’ ಎಂಬ ಮಾತಿಗೆ ಒಪ್ಪಿ ಪಾಠ ಆರಂಭಿಸಬೇಡಿ. ಪರವಾನಗಿ ಇಲ್ಲದೆ ನೌಕರರನ್ನು ದುಡಿಸುವ ಉದ್ಯೋಗದಾತರಿಗೆ 2024ರ ತಿದ್ದುಪಡಿಯ ನಂತರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಅದರ ಬಿಸಿ ನೌಕರರಿಗೂ ತಟ್ಟದೆ ಇರುವುದಿಲ್ಲ.

ನೇಮಕಾತಿ ಪತ್ರದಲ್ಲಿ ನಮ್ಮವರು ಒಟ್ಟು ಸಂಬಳದ ಸಾಲನ್ನು ನೋಡಿ ಸಮಾಧಾನಪಡುತ್ತಾರೆ. ಅದರ ಮೇಲಿನ ಸಾಲು, ಮೂಲವೇತನ, ಅದಕ್ಕಿಂತ ಮುಖ್ಯ. ಸೇವಾಂತ್ಯದ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಮೂಲವೇತನದ ಮೇಲೆ: ಮೊದಲ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ 21 ದಿನದ ಮೂಲವೇತನ, ನಂತರದ ಪ್ರತಿ ವರ್ಷಕ್ಕೆ 30 ದಿನದ್ದು. ಇಬ್ಬರು ಶಿಕ್ಷಕರಿಗೂ ಒಟ್ಟು 5,000 ದಿರ್ಹಮ್ ಬರುತ್ತದೆ ಎಂದುಕೊಳ್ಳೋಣ. ಒಬ್ಬರ ಮೂಲವೇತನ 2,000, ಇನ್ನೊಬ್ಬರದು 3,500. ನಾಲ್ಕು ವರ್ಷ ದುಡಿದು ಹೊರಡುವಾಗ ಮೊದಲನೆಯವರಿಗೆ 84 ದಿನದ ಲೆಕ್ಕದಲ್ಲಿ 5,600 ದಿರ್ಹಮ್, ಎರಡನೆಯವರಿಗೆ 9,800 ದಿರ್ಹಮ್ ಸಿಗುತ್ತದೆ. ಭತ್ಯೆಗಳನ್ನು ಹಿಗ್ಗಿಸಿ ಮೂಲವೇತನವನ್ನು ಕುಗ್ಗಿಸಿದ ಪತ್ರ ಬಂದರೆ ಸಹಿಗೆ ಮೊದಲೇ ಪ್ರಶ್ನಿಸಬೇಕು. ಬೇಸಿಗೆ ರಜೆಯ ತಿಂಗಳುಗಳಿಗೆ ಸಂಬಳ ಇದೆಯೇ, ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನ ಟಿಕೆಟ್ ಯಾರದು, ವಸತಿ ಹಂಚಿಕೊಂಡದ್ದೇ ಸ್ವತಂತ್ರವೇ ಎಂಬುದೂ ಲಿಖಿತವಾಗಿರಲಿ. ಕುಟುಂಬವನ್ನು ಕರೆಸಿಕೊಳ್ಳಲು ಕನಿಷ್ಠ 4,000 ದಿರ್ಹಮ್, ಅಥವಾ ವಸತಿಯ ಜೊತೆಗೆ 3,000 ದಿರ್ಹಮ್ ಸಂಬಳ ಇರಬೇಕು.

ಪರೀಕ್ಷಾರ್ಥ ಅವಧಿಯಲ್ಲಿ ಕೆಲಸ ಬಿಟ್ಟು ದೇಶದಿಂದ ಹೊರಡುವುದಾದರೆ 14 ದಿನಗಳ, ಅಲ್ಲಿಯೇ ಬೇರೆ ಶಾಲೆಗೆ ಸೇರುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಯಾರಿಗೂ ಹೇಳದೆ ವಿಮಾನ ಹತ್ತಿದರೆ ಮುಂದೆ ಕೆಲಸದ ಪರವಾನಗಿಗೆ ತಡೆ ಬೀಳಬಹುದು.

ಕತಾರ್‌ನಲ್ಲಿ 2020ರಿಂದ ಕೆಲಸ ಬದಲಾಯಿಸಲು ಹಳೆಯ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕಿಲ್ಲ, ಒಮಾನ್‌ನಲ್ಲಿಯೂ 2021ರಿಂದ ಆ ನಿಯಮ ಸಡಿಲವಾಗಿದೆ. ‘ಶಾಲೆಯವರು ಬಿಡುವುದೇ ಇಲ್ಲ’ ಎಂಬ ಹಳೆಯ ಅನುಭವವನ್ನು ಕೇಳಿ ಹೆದರುವ ಬದಲು ಈಗಿನ ನಿಯಮವನ್ನು ತಿಳಿದುಕೊಂಡು ಹೋಗುವುದು ಸರಿ.

ಅಮೆರಿಕ ಮತ್ತು ಆಸ್ಟ್ರೇಲಿಯ

ಅಮೆರಿಕದ ಶಾಲೆಗಳಿಗೆ ಹೋಗುವವರಲ್ಲಿ ಹೆಚ್ಚಿನವರು ಬಳಸುವುದು ಜೆ-1 ವಿನಿಮಯ ಶಿಕ್ಷಕ ವೀಸಾ. ಇಲ್ಲಿ ಪ್ರಾಯೋಜಕರು ಮತ್ತು ಉದ್ಯೋಗದಾತರು ಬೇರೆ ಬೇರೆಯಾಗಿರಬಹುದು ಎಂಬುದನ್ನು ಸರಿಯಾಗಿ ಗ್ರಹಿಸಬೇಕು. ಪಾಠ ಮಾಡುವುದು ಶಾಲೆಯಲ್ಲಿ, ಸಂಬಳ ಕೊಡುವುದು ಶಾಲಾ ಜಿಲ್ಲೆ, ಅಂದರೆ ಆ ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ವೀಸಾಕ್ಕೆ ಆಧಾರವಾದ ಡಿಎಸ್-2019 ಪತ್ರವನ್ನು ಕೊಡುವುದು ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆ. ಆ ಸಂಸ್ಥೆಗಳ ಪಟ್ಟಿಯೂ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಬ್ರಿಟನ್‌ಗೆ ವ್ಯತಿರಿಕ್ತವಾಗಿ ಇಲ್ಲಿ ಪ್ರಾಯೋಜಕ ಸಂಸ್ಥೆ ಶಿಕ್ಷಕರಿಂದ ಕಾರ್ಯಕ್ರಮ ಶುಲ್ಕ ಪಡೆಯಬಹುದು. ಅದು ಎಷ್ಟು, ಪ್ರತಿ ವರ್ಷವೂ ಇದೆಯೇ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಬೇಕು.

ಅರ್ಹತೆಗೆ ಅಮೆರಿಕದ ಬ್ಯಾಚುಲರ್ ಪದವಿಗೆ ಸಮನಾದ ಪದವಿ, ಕನಿಷ್ಠ ಎರಡು ವರ್ಷದ ಪೂರ್ಣಕಾಲಿಕ ಬೋಧನಾ ಅನುಭವ, ಆಯಾ ರಾಜ್ಯದ ಶಿಕ್ಷಕ ಮಾನದಂಡಗಳು ಬೇಕು. ಸಾಮಾನ್ಯವಾಗಿ ಅರ್ಜಿಯ ಸಮಯದಲ್ಲಿಯೂ ಸ್ವದೇಶದಲ್ಲಿ ಶಿಕ್ಷಕರಾಗಿ ಕೆಲಸ ಮಾಡುತ್ತಿರಬೇಕು. ಮೊದಲೇ ರಾಜೀನಾಮೆ ಕೊಟ್ಟು ಮನೆಯಲ್ಲಿ ಕುಳಿತು ಅರ್ಜಿ ಹಾಕಿದರೆ ಈ ಕೊನೆಯ ನಿಬಂಧನೆಯೇ ಕೈಕೊಡುತ್ತದೆ. ಅವಧಿ ಮೂರು ವರ್ಷ, ಒಂದು ಅಥವಾ ಎರಡು ವರ್ಷ ವಿಸ್ತರಣೆಗೆ ಅವಕಾಶವಿದೆ. ವಿನಿಮಯ ವೀಸಾದವರ ಮಾಹಿತಿ ದಾಖಲಿಸುವ ಸರ್ಕಾರಿ ವ್ಯವಸ್ಥೆಗೆ ಕಟ್ಟುವ ಸೆವಿಸ್ ಶುಲ್ಕ 220 ಡಾಲರ್. ಗಂಡ ಅಥವಾ ಹೆಂಡತಿ ಅವಲಂಬಿತರ ಜೆ-2 ವೀಸಾದಲ್ಲಿ ಹೋಗಿ ಕೆಲಸದ ಅನುಮತಿಗೆ ಪ್ರತ್ಯೇಕ ಅರ್ಜಿ ಹಾಕಬಹುದು. ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ನಿರ್ಬಂಧಕ್ಕೆ ಕಾರಣವಾಗುವ ಕೌಶಲ ಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ಕೈಬಿಡಲಾಗಿದೆ. ಆದರೂ ಸರ್ಕಾರದ ಧನಸಹಾಯ ಪಡೆದವರಿಗೆ ಆ ನಿರ್ಬಂಧ ಉಳಿದಿರುತ್ತದೆ, ಶಿಕ್ಷಕ ಕಾರ್ಯಕ್ರಮಕ್ಕೆ ಎರಡನೇ ಬಾರಿ ಸೇರಲು ಎರಡು ವರ್ಷ ಅಮೆರಿಕದ ಹೊರಗೆ ಇದ್ದಿರಬೇಕೆಂಬ ನಿಯಮವೂ ಹಾಗೆಯೇ ಇದೆ. ಪರಿಣತ ಉದ್ಯೋಗಿಗಳಿಗೆ ಕೊಡುವ ಎಚ್-1ಬಿ ವೀಸಾದ ಮಾತು ಕೆಲವರು ಆಡುತ್ತಾರೆ. 2025ರ ಸೆಪ್ಟೆಂಬರ್ 21ರಿಂದ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ ಉದ್ಯೋಗದಾತರು 1,00,000 ಡಾಲರ್ ಕಟ್ಟಬೇಕೆಂಬ ಆದೇಶ ಬಂದಿರುವಾಗ, ಸಾಮಾನ್ಯ ಶಾಲಾ ಜಿಲ್ಲೆಯೊಂದು ಅದನ್ನು ಭರಿಸಿ ಕರೆಸಿಕೊಳ್ಳುತ್ತದೆ ಎಂಬ ಭರವಸೆಯನ್ನು ನಂಬಲಾಗದು.

ಆಸ್ಟ್ರೇಲಿಯಕ್ಕೆ ಹೋಗಬಯಸುವವರಿಗೆ ಏಟ್ಸಲ್ ಸಂಸ್ಥೆಯ ಕೌಶಲ ಮೌಲ್ಯಮಾಪನವೇ ದೊಡ್ಡ ಮೆಟ್ಟಿಲು. ಒಟ್ಟು ನಾಲ್ಕು ವರ್ಷದ ಉನ್ನತ ಶಿಕ್ಷಣ, ಅದರಲ್ಲಿ ಕನಿಷ್ಠ ಒಂದು ವರ್ಷದ ಶಿಕ್ಷಕ ತರಬೇತಿ, 45 ದಿನಗಳ ಮೇಲ್ವಿಚಾರಣೆಯ ಬೋಧನಾ ಅಭ್ಯಾಸ, ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು-ಬರಹಕ್ಕೆ 7 ಮತ್ತು ಆಲಿಸುವಿಕೆ-ಮಾತಿಗೆ 8 ಅಂಕ ಬೇಕು. ಬಿ.ಇಡಿ. ಕಾಲೇಜಿನ ಪತ್ರದ ಬಗ್ಗೆ ಮೊದಲು ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ. 2024ರ ಡಿಸೆಂಬರ್‌ನಿಂದ ಉದ್ಯೋಗದಾತರ ಪ್ರಾಯೋಜಕತ್ವದ ವೀಸಾಕ್ಕೆ ಸ್ಕಿಲ್ಸ್ ಇನ್ ಡಿಮಾಂಡ್ ಎಂಬ ಹೆಸರಿದೆ, ಉಪವರ್ಗ 482. ತರಬೇತಿ ನಿಧಿಯ ತೆರಿಗೆಯನ್ನು ಅಲ್ಲಿಯೂ ಉದ್ಯೋಗದಾತರೇ ಕಟ್ಟಬೇಕು.

ಏಜೆಂಟರು ಮತ್ತು ಹಣ

ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವ ಏಜೆಂಟರು 1983ರ ವಲಸೆ ಕಾಯಿದೆಯಂತೆ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರ ಹೆಸರು, ಪರವಾನಗಿಯ ಅವಧಿ, ಅಮಾನತಾದವರ ವಿವರ ಎಲ್ಲವೂ ಇವೆ. ಅವರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ರಸೀದಿ ಕೊಡಬೇಕು. ಪಿ.ಬಿ. ರಸ್ತೆಯ ಯಾವುದೋ ಮಹಡಿಯಲ್ಲಿ ಐಇಎಲ್‌ಟಿಎಸ್ ತರಬೇತಿ ಕೊಡುವ, ವಿದ್ಯಾರ್ಥಿ ವೀಸಾ ಮಾಡಿಸುವ ಸಂಸ್ಥೆಗೆ ಆ ಕೆಲಸದಲ್ಲಿ ಹೆಸರಿರಬಹುದು, ಆದರೆ ಉದ್ಯೋಗಕ್ಕೆ ನೇಮಿಸಲು ಈ ನೋಂದಣಿ ಪ್ರತ್ಯೇಕವಾಗಿ ಬೇಕು. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್‌ಗೆ ವಲಸೆ ತಪಾಸಣೆಯ ಅಗತ್ಯವಿಲ್ಲದ ಕಾರಣ ಶಿಕ್ಷಕರು ಕೊಲ್ಲಿಗೆ ಹೋಗುವಾಗ ಪ್ರತ್ಯೇಕ ವಲಸೆ ಅನುಮತಿ ಪಡೆಯಬೇಕಾಗಿಲ್ಲ. ‘ಎಮಿಗ್ರೇಶನ್ ಕ್ಲಿಯರೆನ್ಸ್‌ಗೆ ಇಷ್ಟು’ ಎಂದು ಪಟ್ಟಿಯಲ್ಲಿ ಸೇರಿಸಿದ್ದರೆ ಆ ಸಾಲನ್ನು ಹೊಡೆದು ಹಾಕಿಸಿ. ಬೆಂಗಳೂರಿನಲ್ಲಿ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿ ಇದೆ. ನೋಂದಣಿಯಿಲ್ಲದವರಿಗೆ ಹಣ ಕೊಟ್ಟು ಮೋಸಹೋದವರು ಪೊಲೀಸ್ ದೂರಿನ ಜೊತೆಗೆ ಅಲ್ಲಿಗೂ ದೂರು ಸಲ್ಲಿಸಬೇಕು.

ಹಣವನ್ನು ಎಂದಿಗೂ ವ್ಯಕ್ತಿಯ ಖಾತೆಗೆ ಹಾಕಬಾರದು. ಮನೆಯವರ ಒಡವೆ ಅಡವಿಟ್ಟು, ಸಹಕಾರ ಸಂಘದಲ್ಲಿ ಸಾಲ ಮಾಡಿ ಹೊಂದಿಸಿದ ಹಣ ಅದು ಎಂಬುದು ಪಡೆಯುವವರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ.

ರಾಜೀನಾಮೆ ಮತ್ತು ಅನಂತರ

ಸರ್ಕಾರಿ ಶಿಕ್ಷಕರು ಪೂರ್ವಾನುಮತಿ ಇಲ್ಲದೆ ಬೇರೆ ಉದ್ಯೋಗ ಒಪ್ಪಿಕೊಳ್ಳುವಂತಿಲ್ಲ. ಅರ್ಜಿಯ ಮೊದಲ ಹಂತದಲ್ಲಿಯೇ ಬಿಇಒ ಮತ್ತು ಡಿಡಿಪಿಐ ಕಚೇರಿಗಳ ಮೂಲಕ ಲಿಖಿತವಾಗಿ ಕೇಳಬೇಕು. ಅನುದಾನಿತ ಶಾಲೆಯವರು ಆಡಳಿತ ಮಂಡಳಿ ಮತ್ತು ಇಲಾಖೆ ಎರಡನ್ನೂ ಕೇಳಬೇಕು. ಖಾಸಗಿ ಶಾಲೆಯವರು ರಾಜೀನಾಮೆ ಕೊಡುವುದು ವೀಸಾ ಕೈಗೆ ಬಂದ ಮೇಲೆ. ಅನೇಕ ಶಾಲೆಗಳು ಮೂಲ ಅಂಕಪಟ್ಟಿಗಳನ್ನು ತಮ್ಮ ಬಳಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಇರುವುದರಿಂದ, ಅವನ್ನು ದೃಢೀಕರಣದ ಕಾರಣ ಹೇಳಿ ಮೊದಲೇ ಹಿಂಪಡೆದಿರಿ. ಶೈಕ್ಷಣಿಕ ವರ್ಷದ ನಡುವೆ ಮಕ್ಕಳನ್ನು ಬಿಟ್ಟು ಹೊರಡಬೇಕಾದರೆ ಒಂದು ತಿಂಗಳ ಮುಂಚೆಯಾದರೂ ಮುಖ್ಯೋಪಾಧ್ಯಾಯರಿಗೆ ತಿಳಿಸುವುದು ಧರ್ಮ. ಮುಂದೆ ವಿದೇಶದ ಶಾಲೆ ಅವರಿಗೇ ಫೋನ್ ಮಾಡಿ ನಿಮ್ಮ ಬಗ್ಗೆ ವಿಚಾರಿಸುತ್ತದೆ.

ಅಲ್ಲಿಗೆ ಸೇರಿದ ಮೇಲೂ ವೀಸಾ ಆ ಉದ್ಯೋಗದಾತರಿಗೆ ಕಟ್ಟುಬಿದ್ದಿರುತ್ತದೆ. ಬ್ರಿಟನ್ನಿನಲ್ಲಿ ಅನುಮತಿಯಿಲ್ಲದೆ ಸತತ ಹತ್ತು ಕೆಲಸದ ದಿನ ಗೈರುಹಾಜರಾದರೆ ಶಾಲೆ ಹೋಮ್ ಆಫೀಸ್‌ಗೆ ವರದಿ ಮಾಡಲೇಬೇಕು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಹೊಸ ಪ್ರಾಯೋಜಕರನ್ನು ಕಂಡುಕೊಂಡು ಹೊಸ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಆಸ್ಟ್ರೇಲಿಯ 2024ರ ಜುಲೈನಿಂದ ಇದಕ್ಕೆ 180 ದಿನಗಳ ಅವಕಾಶ ಕೊಟ್ಟಿದೆ. ಸಂಬಳ ನಿಲ್ಲಿಸುವುದು, ಪಾಸ್‌ಪೋರ್ಟ್ ಹಿಡಿದಿಡುವುದು, ಒಪ್ಪಂದಕ್ಕಿಂತ ಬೇರೆ ಕೆಲಸ ಮಾಡಿಸುವುದು ಇಂಥದ್ದೇನಾದರೂ ನಡೆದರೆ ದಿನಾಂಕ ಸಹಿತ ಬರೆದಿಟ್ಟು, ಭಾರತೀಯ ದೂತಾವಾಸಕ್ಕೆ ಅಥವಾ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ದುಬೈನಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವೂ ಇದೆ. ದೂರು ಕೊಡಲು ಒಪ್ಪಂದದ ಪ್ರತಿ, ವೀಸಾದ ಪ್ರತಿ, ಸಂಬಳದ ಖಾತೆ ವಿವರ ಬೇಕಾಗುತ್ತವೆ. ಇವುಗಳ ಒಂದು ಕಟ್ಟನ್ನು ಇಮೇಲ್‌ನಲ್ಲಿ, ಇನ್ನೊಂದನ್ನು ಮುದ್ರಿಸಿ ಊರಿನಲ್ಲಿ ಮನೆಯವರ ಬಳಿ ಇಟ್ಟು ಹೊರಡಿ, ಅದರ ಮೇಲೆ ಶಾಲೆಯ ವಿಳಾಸ, ಪ್ರಾಯೋಜಕರ ನೋಂದಾಯಿತ ಹೆಸರು ಮತ್ತು ಹತ್ತಿರದ ಭಾರತೀಯ ದೂತಾವಾಸದ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿಯೇ ಬರೆದಿಡಿ.